ಕೆಂಪು ನೀರಿನಲ್ಲಿ ಗಾಳ ಹಾಕಿದ ನನ್ನ ಅನುಭವ

ಕಾರ್ತಿಕದ ಹಿಂಗಾರು ಮಳೆ ಸುರಿದು ಶ್ರೀರಂಗಪಟ್ಟಣದ ಕೆಳಗೆ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಾಗ, ನಾನು ಮೂರು ಮುಂಜಾನೆ ರಾಗಿ ಹಿಟ್ಟಿನ ಉಂಡೆಯನ್ನು ನಡುಹೊಳೆಗೆ ಎಸೆದು ಬರಿಗೈಯಲ್ಲಿ ಮರಳಿದ್ದೆ. ರಭಸಕ್ಕೆ ಹಿಟ್ಟು ಕರಗಿಹೋಗುತ್ತಿತ್ತು; ಮೀನುಗಳಾದರೋ ಸೆಳೆತದಿಂದ ತಪ್ಪಿಸಿಕೊಳ್ಳಲು ದಡದ ಕಡೆಗೆ ಸರಿದಿದ್ದವು. ನಾಲ್ಕನೆಯ ದಿನ, ಬಂಡೆಯೊಂದರ ಹಿಂದೆ ನೊರೆಯೂ ಒಣಗಿದ ಕಬ್ಬಿನ ಸೋಗೆಯೂ ನಿಧಾನವಾಗಿ ಸುತ್ತುತ್ತಿದ್ದ, ದಡದಿಂದ ಎರಡೇ ಮಾರು ದೂರದ ತಾವನ್ನು ಆರಿಸಿ, ಭಾರವಾದ ಸೀಸದ ಗುಂಡು ಕಟ್ಟಿ, ಮೂರು ಎರೆಹುಳುಗಳನ್ನು ಒಟ್ಟಿಗೆ ಪೋಣಿಸಿ ತಳಕ್ಕೆ ಬಿಟ್ಟೆ. ಕದಡಿದ ನೀರಿನಲ್ಲಿ ಕಣ್ಣಿಗಿಂತ ಮೀಸೆಯನ್ನೂ ವಾಸನೆಯನ್ನೂ ನಂಬುವ ಗಿರ್ಲು ಮೀನು ಅರ್ಧ ಗಂಟೆಯೊಳಗೆ ದಾರವನ್ನು ಎರಡು ಬಾರಿ ತಟ್ಟಿ, ಬಲವಾಗಿ ಎಳೆಯಿತು. ಅದರ ಮುಳ್ಳು ಚುಚ್ಚಿದರೆ ಬಹಳ ಉರಿಯುವುದರಿಂದ ಒದ್ದೆ ಬಟ್ಟೆ ಸುತ್ತಿಯೇ ಹಿಡಿದೆ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಡುವ ಸೂಚನೆ ಇದ್ದ ದಿನ ಮಾತ್ರ ನಾನು ಹೊಳೆಯ ಬಳಿ ಸುಳಿಯುವುದಿಲ್ಲ.