ದಿನಾ ಒಂದು ಮಲ್ಟಿವಿಟಮಿನ್ ಬೇಕಾ? ನಮ್ಮ ಮನೆಯಲ್ಲಿ ನಾನು ಮಾಡಿದ್ದು

ಮಂಡ್ಯದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಬೆಳಗ್ಗೆ ಶೆಟರ್ ಎತ್ತಿದರೆ ರಾತ್ರಿ ಇಳಿಸುವುದರೊಳಗೆ ಯಾರಾದರೂ ಒಬ್ಬರು ಬಂದು, "ಅಣ್ಣ, ಯಾಕೋ ತುಂಬಾ ಸುಸ್ತು ಕಣಣ್ಣ, ತಾಕತ್ತಿಗೆ ಒಂದೊಳ್ಳೆ ಮಾತ್ರೆ ಕೊಡಣ್ಣ, ಒಂದರಲ್ಲೇ ಎಲ್ಲಾ ವಿಟಮಿನ್ ಇರ್ಬೇಕು" ಅಂತ ಕೇಳಿಯೇ ಕೇಳುತ್ತಾರೆ. ನಾನು ನೇರವಾಗಿ ಹೇಳಿಬಿಡುತ್ತೇನೆ. ಹೊತ್ತುಹೊತ್ತಿಗೆ ಸರಿಯಾಗಿ ಊಟ ಮಾಡಿಕೊಂಡು ಚೆನ್ನಾಗಿರುವವರಿಗೆ ಅದು ಬೇಕಾಗಿಲ್ಲ. ನಿಜವಾಗಿ ಏನೋ ಕೊರತೆ ಇರುವವರಿಗೆ ಆ ಮಾತ್ರೆಯಲ್ಲಿ ಇರುವಷ್ಟು ಸಾಲುವುದಿಲ್ಲ. ಮನೆಯಲ್ಲಿ ಯಾರಿಗೆ ಏನು ಕಮ್ಮಿ ಅಂತ ಮೊದಲು ತಿಳಿದುಕೊಳ್ಳಿ, ಅದನ್ನು ಮಾತ್ರ ಕೊಡಿ. ನಮ್ಮ ಮನೆಯಲ್ಲಿ ನಾನು ಮಾಡಿದ್ದೂ ಇದನ್ನೇ. ಹೇಗೆ ಅಂತ ಬರೆಯುತ್ತೇನೆ.

ಮೊದಲು ಮಾಡಿದ ಕೆಲಸ ಅಂದರೆ, ಅಂಗಡಿಯಲ್ಲಿದ್ದ ಮಲ್ಟಿವಿಟಮಿನ್‌ಗಳನ್ನೆಲ್ಲ ಕೆಳಗಿಳಿಸಿ ಹಿಂದೆ ಬರೆದಿರುವ ಸಣ್ಣಕ್ಷರಗಳನ್ನು ಓದಿದ್ದು. ನೀವೂ ಒಮ್ಮೆ ಓದಿ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅಷ್ಟನ್ನು ಹಿಡಿಸಬೇಕಾದರೆ ಆ ಮಾತ್ರೆಯನ್ನು ನುಂಗುವುದಕ್ಕೇ ಆಗುವುದಿಲ್ಲ, ಅದಕ್ಕೆ ಅಲ್ಲಿ ಇರುವುದು ಸ್ವಲ್ಪವೇ. ಎಷ್ಟೋ ಮಾತ್ರೆಗಳಲ್ಲಿ ಕಬ್ಬಿಣ ಇರುವುದೇ ಇಲ್ಲ. ಬಿ12 ಹಲವು ಬ್ರ್ಯಾಂಡ್‌ಗಳಲ್ಲಿ ಒಂದು ಮೈಕ್ರೋಗ್ರಾಂ ಆಸುಪಾಸು. ಧಾರಾಳವಾಗಿ ತುಂಬಿರುವುದು ಬಿ1, ಬಿ2, ಸಿ. ಮಾಮೂಲಿ ಊಟ ಮಾಡುವವರಿಗೆ ಇವು ಅಷ್ಟು ಕಷ್ಟವಿಲ್ಲದೆ ಸಿಗುತ್ತವೆ, ಜಾಸ್ತಿ ಆದದ್ದು ಮೂತ್ರದಲ್ಲಿ ಹೋಗುತ್ತದೆ. ಮಾತ್ರೆ ತಗೊಂಡ ದಿನ ಮೂತ್ರ ಗಾಢ ಹಳದಿ ಆಗುತ್ತದಲ್ಲ, ಅದು ಬಿ2. ಅದನ್ನು ನೋಡಿ ಉಷ್ಣ ಆಗಿದೆ ಅಂತ ಎಳನೀರು ಹುಡುಕಿಕೊಂಡು ಹೋಗುವವರು ಇದ್ದಾರೆ, ಹೆದರಬೇಕಾಗಿಲ್ಲ. ಇನ್ನೊಂದು ವಿಷಯ. ಕೆಲವು ಡಬ್ಬಿಗಳ ಮೇಲೆ ಆಹಾರ ಪದಾರ್ಥಗಳಿಗೆ ಲೈಸೆನ್ಸ್ ಕೊಡುವ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ, ಜೊತೆಗೆ ಔಷಧಿಯಾಗಿ ಬಳಸುವುದಕ್ಕಲ್ಲ ಅಂತಲೂ ಬರೆದಿರುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ಆಹಾರ. ಕಾಯಿಲೆ ವಾಸಿಯಾಗಲಿ ಅಂತ ಅದನ್ನು ಕೊಂಡರೆ ಹೇಗೆ?

ಆಮೇಲೆ ಮನೆಯವರ ಸರದಿ. ಫುಲ್ ಬಾಡಿ ಪ್ಯಾಕೇಜ್ ಅಂತ ಎಲ್ಲರಿಗೂ ಎಲ್ಲ ಟೆಸ್ಟ್ ಮಾಡಿಸಲು ಹೋಗಲಿಲ್ಲ. ಏನು ತಿನ್ನುತ್ತಾರೆ, ಈಗಾಗಲೇ ಯಾವ ಮಾತ್ರೆ ನಡೆಯುತ್ತಿದೆ, ಏನು ತೊಂದರೆ ಹೇಳುತ್ತಿದ್ದಾರೆ, ಇಷ್ಟನ್ನು ಒಬ್ಬೊಬ್ಬರ ಹೆಸರಲ್ಲೂ ಬರೆದುಕೊಂಡೆ. ಆ ಚೀಟಿ ಹಿಡಿದುಕೊಂಡು ನಮ್ಮ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದ ಟೆಸ್ಟ್ ಮಾತ್ರ ಮಾಡಿಸಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅಮ್ಮನದು. ಅಮ್ಮನಿಗೆ ಬಹಳ ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ನಡೆಯುತ್ತಿದೆ. ಜೊತೆಗೆ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ, ಪ್ಯಾಂಟೊಪ್ರಜೋಲ್. ಹರಕೆ ಹೊತ್ತು ಮಾಂಸ ಬಿಟ್ಟವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾವೆಲ್ಲ ಭಾನುವಾರ ಬಾಡೂಟ ಮಾಡಿದರೆ ಅವರಿಗೆ ಬೇರೆ ಪಾತ್ರೆಯಲ್ಲಿ ಸಾರು. ಪಾದ ಉರಿ, ಬೆರಳು ಜೋಮು ಅನ್ನುತ್ತಿದ್ದರು. ನೆಂಟರೆಲ್ಲ "ಶುಗರ್ ಇದ್ದವರಿಗೆ ಅದು ಇದ್ದದ್ದೇ" ಅನ್ನುತ್ತಿದ್ದರು. ಆದರೆ ಚೀಟಿಯಲ್ಲಿ ಮೂರೂ ಸಾಲು ಬಿ12 ಕಡೆಗೇ ಕೈ ತೋರಿಸುತ್ತಿದ್ದವು. ಟೆಸ್ಟ್‌ನಲ್ಲಿ ಬಂದದ್ದು 148. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಬಂದರೆ ಕೊರತೆ ಅಂತ ಲೆಕ್ಕ.

ಇದು ಯಾಕೆ ಹೀಗೆ ಅಂತ ಗೊತ್ತಾದರೆ ಮಲ್ಟಿವಿಟಮಿನ್ ಇಲ್ಲಿ ಯಾಕೆ ಕೆಲಸ ಮಾಡಲ್ಲ ಅನ್ನುವುದೂ ಗೊತ್ತಾಗುತ್ತದೆ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಸ್ವಲ್ಪ ಮಟ್ಟಿಗೆ ಹಾಲು ಮೊಸರಿನಲ್ಲಿ. ಸೊಪ್ಪು ಕಾಳಿನಲ್ಲಿ ಇಲ್ಲ. ಊಟದಿಂದ ಅದನ್ನು ಬಿಡಿಸುವುದಕ್ಕೆ ಹೊಟ್ಟೆಯ ಆಸಿಡ್ ಬೇಕು, ಗ್ಯಾಸ್ ಮಾತ್ರೆ ಆ ಆಸಿಡ್ಡನ್ನೇ ಕಮ್ಮಿ ಮಾಡುತ್ತದೆ. ಆಮೇಲೆ ಸಣ್ಣ ಕರುಳಿನ ಕೊನೆಯಲ್ಲಿ ಅದು ರಕ್ತಕ್ಕೆ ಸೇರಬೇಕು, ಮೆಟ್‌ಫಾರ್ಮಿನ್ ಅಲ್ಲಿ ಅಡ್ಡ ಬರುತ್ತದೆ. ಲಿವರ್‌ನಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ದಾಸ್ತಾನು ಇರುವುದರಿಂದ ಮಾಂಸ ಬಿಟ್ಟ ತಕ್ಷಣ ಏನೂ ಗೊತ್ತಾಗಲ್ಲ, ಎಷ್ಟೋ ವರ್ಷ ಆದಮೇಲೆ ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಡಾಕ್ಟರು ಮೊದಲು ಇಂಜೆಕ್ಷನ್ ಕೊಟ್ಟು, ಆಮೇಲೆ ದಿನಕ್ಕೊಂದು 1000 ಮೈಕ್ರೋಗ್ರಾಂ ಮಾತ್ರೆ ಬರೆದರು. ದಿನಕ್ಕೆ ಬೇಕಿರುವುದು ಎರಡು ಚಿಲ್ಲರೆ ಮೈಕ್ರೋಗ್ರಾಂ, ಮತ್ತೆ 1000 ಯಾಕೆ? ಮಾಮೂಲಿ ದಾರಿ ಕಟ್ಟಿಕೊಂಡಿದ್ದರೂ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿ ಒಳಗೆ ಇಳಿಯುತ್ತದೆ. 1000ಕ್ಕೆ 10 ಸಿಕ್ಕಿತು, ಸಾಕು. ಮಲ್ಟಿವಿಟಮಿನ್‌ನ ಒಂದು ಮೈಕ್ರೋಗ್ರಾಂನಲ್ಲಿ ನೂರಕ್ಕೊಂದು ಪಾಲು ಅಂದರೆ ಏನು ಸಿಕ್ಕೀತು, ನೀವೇ ಲೆಕ್ಕ ಹಾಕಿ.

ಇದಕ್ಕಿಂತ ದೊಡ್ಡ ವಿಷಯವೊಂದಿದೆ. ಮಲ್ಟಿವಿಟಮಿನ್‌ನಲ್ಲಿ ಫೋಲಿಕ್ ಆಸಿಡ್ ಇರುತ್ತದೆ. ಬಿ12 ಕಮ್ಮಿ ಇರುವವರು ಫೋಲಿಕ್ ಆಸಿಡ್ ಜಾಸ್ತಿ ತಗೊಂಡರೆ ರಕ್ತದ ರಿಪೋರ್ಟ್ ಸುಧಾರಿಸಿದ ಹಾಗೆ ಕಾಣಬಹುದು, ಒಳಗೆ ನರದ ತೊಂದರೆ ಮಾತ್ರ ಮುಂದುವರಿಯುತ್ತಲೇ ಇರುತ್ತದೆ. ನರಕ್ಕೆ ಆದ ಪೆಟ್ಟು ತಡ ಆದಷ್ಟೂ ವಾಪಸ್ ಬರುವುದು ಕಷ್ಟ. ಅಮ್ಮನ ಪಾದದ ಉರಿ ನಿಧಾನವಾಗಿ ಇಳಿಯಿತು, ರಾತ್ರಿ ನಿದ್ದೆ ಬರುತ್ತಿದೆ. ಬೆರಳ ತುದಿಯ ಜೋಮು ಪೂರ್ತಿ ಹೋಗಿಲ್ಲ. ಮೆಟ್‌ಫಾರ್ಮಿನ್ ತಗೊಳ್ಳುವ ಯಾರೇ ಇದನ್ನು ಓದುತ್ತಿದ್ದರೂ, ಅದರಲ್ಲೂ ಸಸ್ಯಾಹಾರಿಗಳು, ಮುಂದಿನ ಸಲ ಶುಗರ್ ಟೆಸ್ಟ್‌ಗೆ ಹೋದಾಗ ಬಿ12 ಬಗ್ಗೆ ಡಾಕ್ಟರನ್ನು ಕೇಳಿ. ಹಾಗಂತ ಮೆಟ್‌ಫಾರ್ಮಿನ್ ನೀವಾಗಿ ನಿಲ್ಲಿಸಬೇಡಿ, ಅದು ಒಳ್ಳೆಯ ಔಷಧಿ.

ನನಗೆ ಕಮ್ಮಿ ಇದ್ದದ್ದು ವಿಟಮಿನ್ ಡಿ. ಬಿಸಿಲಿನ ಊರಲ್ಲಿದ್ದೂ ಇಡೀ ದಿನ ಅಂಗಡಿ ಒಳಗೇ ಇದ್ದರೆ ಇನ್ನೇನಾಗುತ್ತದೆ. ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿ ಬರೆದುಕೊಟ್ಟರು, 8 ವಾರ. ಆ 8 ವಾರ ಅನ್ನುವುದನ್ನು ದಯವಿಟ್ಟು ಗಮನಿಸಿ. ಹಳೇ ಚೀಟಿ ತಂದು ವರ್ಷಗಟ್ಟಲೆ ಅದನ್ನೇ ಕೇಳುವವರಿಗೆ ನಾನು ಕೊಡುವುದಿಲ್ಲ, ಕೋಪ ಮಾಡಿಕೊಂಡರೂ ಪರವಾಗಿಲ್ಲ. ಎ, ಡಿ, ಇ, ಕೆ ಇವು ಕೊಬ್ಬಿನಲ್ಲಿ ಕರಗುವಂಥವು, ಬಿ ಮತ್ತು ಸಿ ಥರ ಸುಲಭವಾಗಿ ಹೊರಗೆ ಹೋಗಲ್ಲ. ಡಿ ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ ಆಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು.

ನನ್ನ ಹೆಂಡತಿಗೆ ಥೈರಾಯ್ಡ್. ಅವಳ ವಿಷಯದಲ್ಲಿ ಏನು ಕೊಡಬೇಕು ಅನ್ನುವುದಕ್ಕಿಂತ ಯಾವಾಗ ಕೊಡಬಾರದು ಅನ್ನುವುದೇ ಮುಖ್ಯ ಆಯಿತು. ಕಬ್ಬಿಣ, ಕ್ಯಾಲ್ಸಿಯಂ ಇರುವ ಯಾವ ಮಾತ್ರೆಯೂ ಥೈರಾಯ್ಡ್ ಮಾತ್ರೆ ಒಳಗೆ ಸೇರದಂತೆ ತಡೆಯುತ್ತದೆ. ಮಧ್ಯೆ ನಾಲ್ಕು ಗಂಟೆ ಅಂತರ ಬೇಕು. ಎರಡನ್ನೂ ಒಟ್ಟಿಗೆ ನುಂಗಿ, ಥೈರಾಯ್ಡ್ ಟೆಸ್ಟ್‌ನಲ್ಲಿ ಬರುವ ಟಿಎಸ್‌ಎಚ್ ಯಾಕೆ ಇಳೀತಿಲ್ಲ ಅಂತ ಕೇಳುವವರು ಅಂಗಡಿಗೆ ಬರುತ್ತಲೇ ಇರುತ್ತಾರೆ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುವವರೂ ಕೇಳಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಹುದು. ರಕ್ತ ಕೊಡುವ ಮುಂಚೆ ಲ್ಯಾಬ್‌ನವರಿಗೂ ಡಾಕ್ಟರಿಗೂ ಹೇಳಿ.

ಮಗಳಿಗೆ ಹಿಮೋಗ್ಲೋಬಿನ್ 10ರ ಹತ್ತಿರ ಇತ್ತು. ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಅದು ರಕ್ತ ಕಮ್ಮಿ ಆಗದಿರಲಿ ಅಂತ. ಕಮ್ಮಿ ಆದಮೇಲೆ ಡಾಕ್ಟರು ಹೇಳಿದಷ್ಟು ದಿನ ದಿನವೂ ಬೇಕಾಗುತ್ತದೆ. ಅವಳಿಗೆ ಮಾತ್ರೆಯ ಜೊತೆ ಕಾಫಿ ಬಿಡಿಸಿದೆ. ಕಾಫಿ, ಟೀ, ಹಾಲು ಮೂರೂ ಕಬ್ಬಿಣಕ್ಕೆ ಅಡ್ಡಿ. ಬದಲಿಗೆ ನಿಂಬೆಹಣ್ಣಿನ ಪಾನಕ ಅಥವಾ ಒಂದು ಸೀಬೆಹಣ್ಣು. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ ಇರುತ್ತದೆ, ದಿನಕ್ಕೆ ಬೇಕಿರುವುದು 100ರ ಒಳಗೆ. ಸಂತೆಯಲ್ಲಿ ಸಿಗುವ ಈ ಹಣ್ಣು ಬಿಟ್ಟು ಕಿತ್ತಳೆ ಬಣ್ಣದ ಚೀಪುವ ಮಾತ್ರೆ ಕೊಳ್ಳುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಊಟದ ಮಾತು ಬಂತಲ್ಲ. ನಮ್ಮ ಕಡೆ ಮುದ್ದೆ, ಬಸ್ಸಾರು, ಉಪ್ಸಾರು, ಮೊಸರು ಇದ್ದರೆ ಅರ್ಧ ಡಬ್ಬಿ ಮಲ್ಟಿವಿಟಮಿನ್ ಅಡುಗೆ ಮನೆಯಲ್ಲೇ ಇದ್ದ ಹಾಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೂ ಮೈಗೆ ಹತ್ತುವುದಿಲ್ಲ, ರಾಗಿಯಲ್ಲಿರುವ ಫೈಟೇಟ್ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿದರೆ ಅದು ಕಮ್ಮಿ ಆಗುತ್ತದೆ. ಮನೆಯಲ್ಲಿ ನಾನು ಹಟ ಹಿಡಿದು ತಂದ ಬದಲಾವಣೆ ಅಂದರೆ ವಾರದಲ್ಲಿ ನಾಲ್ಕೈದು ದಿನವಾದರೂ ಸೊಪ್ಪು, ಅದರಲ್ಲಿ ನುಗ್ಗೆಸೊಪ್ಪು ಇರಲೇಬೇಕು. ಬಿಡಿಸುವುದು ರೇಜಿಗೆ ಅಂತ ಬಿಡಬೇಡಿ, ಟೀವಿ ನೋಡಿಕೊಂಡು ಎಲ್ಲರೂ ಕೂತು ಬಿಡಿಸಿದರೆ ಆಯಿತು.

"ಇರಲಿ ಬಿಡಿ, ತಗೊಂಡರೆ ಏನು ನಷ್ಟ" ಅನ್ನುವವರಿಗೆ ಎರಡು ಮಾತು. ಅಮೆರಿಕದಲ್ಲಿ 3,90,000ಕ್ಕೂ ಹೆಚ್ಚು ಜನರನ್ನು 20 ವರ್ಷಕ್ಕಿಂತ ಜಾಸ್ತಿ ಕಾಲ ಗಮನಿಸಿದ ಅಧ್ಯಯನ 2024ರಲ್ಲಿ ಬಂತು. ಆರೋಗ್ಯವಂತರಲ್ಲಿ ದಿನಾ ಮಲ್ಟಿವಿಟಮಿನ್ ತಗೊಂಡವರು ತಗೊಳ್ಳದವರಿಗಿಂತ ಜಾಸ್ತಿ ಬದುಕಿದ್ದು ಕಾಣಲಿಲ್ಲ. ಇನ್ನು ನಷ್ಟದ ಮಾತು. ಫಿನ್‌ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಸಿಗರೇಟ್ ಸೇದುವ ಗಂಡಸರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇಕಡ 18ರಷ್ಟು ಏರಿತ್ತು. ಬೀಡಿ ಸಿಗರೇಟ್ ಸೇದುವವರು ಡಬ್ಬಿಯಲ್ಲಿ ಆ ಹೆಸರು ಇದೆಯಾ ಅಂತ ನೋಡಿಕೊಳ್ಳಿ. ಗರ್ಭಿಣಿಯರ ಲೆಕ್ಕ ಮಾತ್ರ ಬೇರೆ. ಅವರು ಕಬ್ಬಿಣ, ಫೋಲಿಕ್ ಆಸಿಡ್ ತಪ್ಪಿಸುವ ಹಾಗೇ ಇಲ್ಲ. ಆದರೆ ವಿಟಮಿನ್ ಎ ಜಾಸ್ತಿ ಆದರೆ ಮಗುವಿಗೆ ಅಪಾಯ, ಹಾಗಾಗಿ ಡಾಕ್ಟರು ಕೊಟ್ಟದ್ದರ ಮೇಲೆ ಇನ್ನೊಂದು ಮಲ್ಟಿವಿಟಮಿನ್ ಬೇಡ.

ನಮ್ಮ ಮನೆಯಲ್ಲಿ ಈಗ ಮಲ್ಟಿವಿಟಮಿನ್ ತಗೊಳ್ಳುತ್ತಿರುವುದು ಮಾವನವರು ಒಬ್ಬರೇ. ವಯಸ್ಸು 70 ದಾಟಿದೆ, ಹಲ್ಲು ಹೆಚ್ಚು ಉಳಿದಿಲ್ಲ, ಊಟ ಒಂದು ಹಿಡಿಗೆ ಇಳಿದಿದೆ. ಇಂಥವರಿಗೆ ಅಲ್ಪಸ್ವಲ್ಪ ಎಲ್ಲವೂ ಕಮ್ಮಿ ಆಗಿರುತ್ತದೆ, ಒಂದನ್ನೇ ಹುಡುಕಿ ಕೊಡುವುದು ಆಗಲ್ಲ. 60 ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದ ಕಾಸ್ಮಾಸ್ ಅನ್ನುವ ಪ್ರಯೋಗದಲ್ಲಿ ಮಲ್ಟಿವಿಟಮಿನ್ ತಗೊಂಡವರ ನೆನಪಿನ ಶಕ್ತಿ ಸ್ವಲ್ಪ ಮಟ್ಟಿಗೆ ಉತ್ತಮವಾಗಿದ್ದದ್ದೂ ಕಂಡುಬಂದಿದೆ. ಲಾಭ ಚಿಕ್ಕದು, ಆದರೂ ಇದೆ. ರಕ್ತ ತೆಳು ಮಾಡುವ ಅಸಿಟ್ರಾಂ ಥರದ ಮಾತ್ರೆ ನಡೆಯುತ್ತಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಂಡೆ, ಯಾಕೆಂದರೆ ವಿಟಮಿನ್ ಕೆ ಅದರ ಕೆಲಸವನ್ನು ಕೆಡಿಸುತ್ತದೆ. ಆಮೇಲೆ ಡಾಕ್ಟರನ್ನೂ ಒಂದು ಮಾತು ಕೇಳಿ, ಯಾವುದೂ ದಿನದ ಅಗತ್ಯಕ್ಕಿಂತ ಜಾಸ್ತಿ ಇಲ್ಲದ ಒಂದು ಮಾತ್ರೆ ಆರಿಸಿದೆ. ಮಧ್ಯಾಹ್ನದ ಊಟ ಆದಮೇಲೆ ಕೊಡುತ್ತೇವೆ, ಖಾಲಿ ಹೊಟ್ಟೆಗೆ ಕೊಟ್ಟರೆ ಅವರಿಗೆ ಹೊಟ್ಟೆ ತೊಳಸುತ್ತದೆ.