ಲೈನ್‌ಮನ್‌ಗೆ ಫೋನ್ ಮಾಡಿದರೆ ಸಾಲದು, ದೂರು ದಾಖಲಾಗಬೇಕು

ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಒಬ್ಬರ ಹತ್ತಿರವಾದರೂ ಲೈನ್‌ಮನ್ ನಂಬರ್ ಇರುತ್ತದೆ. ಕರೆಂಟ್ ಹೋದ ಕೂಡಲೇ ಅವರಿಗೆ ಫೋನ್, ಅವರು ಬಂದು ಫ್ಯೂಸ್ ಹಾಕಿ ಹೋಗುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು, ಅಲ್ವಾ? ಅರ್ಧ ಮಾತ್ರ ಮುಗಿಯಿತು. ಸಬ್‌ಸ್ಟೇಷನ್‌ನಿಂದ ಬರುವ ದೊಡ್ಡ ಲೈನ್, ಅಂದರೆ 11 ಕೆವಿ ಫೀಡರ್, ಟ್ರಿಪ್ ಆದರೆ ಸಬ್‌ಸ್ಟೇಷನ್‌ನಲ್ಲಿ ಗೊತ್ತಾಗುತ್ತದೆ. ಆದರೆ ನಿಮ್ಮ ಬೀದಿಯ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಈಚೆಗೆ ಆಗುವ ತೊಂದರೆ, ಅಂದರೆ ಒಂದು ಫೇಸ್ (ಮೂರು ಕರೆಂಟ್ ತಂತಿಗಳಲ್ಲಿ ಒಂದು) ಇಲ್ಲದಿರುವುದು, ಪದೇಪದೇ ಫ್ಯೂಸ್ ಹೋಗುವುದು, ಸಂಜೆ ಹೊತ್ತು ವೋಲ್ಟೇಜ್ ಇಳಿಯುವುದು, ಇದೆಲ್ಲ ಯಾರಾದರೂ ದೂರು ಕೊಟ್ಟರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ದೂರೇ ದಾಖಲಾಗದ ಟಿಸಿಯ ಬದಲಿಗೆ ಹೊಸದನ್ನು ಕೇಳುವುದು ಜೆಇಗೂ (ಜೂನಿಯರ್ ಎಂಜಿನಿಯರ್) ಕಷ್ಟ. ಹಾಗಾಗಿ ಲೈನ್‌ಮನ್‌ಗೆ ಫೋನ್ ಮಾಡಿ, ಬೇಡ ಅನ್ನುತ್ತಿಲ್ಲ, ಜೊತೆಗೆ ಬೆಸ್ಕಾಂ (ನಗರಕ್ಕೆ ವಿದ್ಯುತ್ ಕೊಡುವ ಕಂಪನಿ) ಸಹಾಯವಾಣಿ 1912ಕ್ಕೂ ಮಾಡಿ.

ಫೋನ್ ಮಾಡುವ ಮೊದಲು ಎರಡು ನಿಮಿಷ ಸುತ್ತ ನೋಡಿ. ನಿಮ್ಮ ಮನೆಯ ಎಂಸಿಬಿ (ತಾನಾಗಿ ಆಫ್ ಆಗುವ ಸುರಕ್ಷತಾ ಸ್ವಿಚ್) ಬಿದ್ದಿದೆಯಾ? ಪಕ್ಕದ ಮನೆಯಲ್ಲಿ ಲೈಟ್ ಇದೆಯಾ? ಎದುರು ಸಾಲಿನಲ್ಲಿ? ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಕರೆಂಟ್ ಇದ್ದರೆ ಬಹುಶಃ ಒಂದು ಫೇಸ್ ಹೋಗಿದೆ, ಅದನ್ನು ಹಾಗೆಯೇ ಹೇಳಿ. ಬಿಲ್‌ನಲ್ಲಿರುವ ಅಕೌಂಟ್ ಐಡಿ ಅಥವಾ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಸಂಖ್ಯೆ) ಮತ್ತು ಸಬ್‌ಡಿವಿಷನ್ ಹೆಸರು ಕೈಗೆ ಸಿಗುವಂತಿರಲಿ, ಬಿಲ್‌ನ ಒಂದು ಫೋಟೊ ಮೊಬೈಲ್‌ನಲ್ಲಿದ್ದರೆ ಸಾಕು. ತಂತಿ ಕಡಿದು ಬಿದ್ದಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಹತ್ತಿರ ಹೋಗಬೇಡಿ, ಬೇರೆಯವರನ್ನೂ ಬಿಡಬೇಡಿ, ತಕ್ಷಣ ಕರೆ ಮಾಡಿ.

ಕರೆ ಮುಗಿಸುವ ಮುಂಚೆ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಕೇಳಿ ಬರೆದುಕೊಳ್ಳಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ವಿದ್ಯುತ್ ನಿಯಂತ್ರಣ ಆಯೋಗದ ಸೇವಾ ಮಾನದಂಡದ ಪ್ರಕಾರ ನಗರದಲ್ಲಿ ಫ್ಯೂಸ್ ದೂರು 6 ಗಂಟೆಯೊಳಗೆ, ಸುಟ್ಟ ಟಿಸಿ 24 ಗಂಟೆಯೊಳಗೆ ಸರಿಯಾಗಬೇಕು, ತಪ್ಪಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಆ ಗಂಟೆಗಳು ಯಾವಾಗ ಶುರುವಾದವು ಅನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಸಾಕ್ಷಿ ಆ ನಂಬರ್ ಒಂದೇ.

ನೀರಿನ ವಿಷಯ ಸ್ವಲ್ಪ ಬೇರೆ. ಜಲಮಂಡಳಿಯ ನಂಬರ್ 1916. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ತರುತ್ತಾರೆ, 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಊರಿಗೆ ಬಂದ ನೀರು ನಿಮ್ಮ ಸಂಪಿಗೆ ಬಿತ್ತೋ ಇಲ್ಲವೋ ಅನ್ನುವುದು ಬೀದಿಯ ವಾಲ್ವ್ ಮತ್ತು ಹಳೇ ಪೈಪಿನ ಮೇಲಿದೆ, ಅದನ್ನು ಹೇಳಬೇಕಾದವರು ನೀವೇ. ಆದರೆ ಸುಮ್ನೆ 'ನೀರು ಸರಿಯಾಗಿ ಬರ್ತಿಲ್ಲ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನೀರು ಬಿಟ್ಟಾಗ ಒಮ್ಮೆ, ನಿಂತಾಗ ಒಮ್ಮೆ ಮೀಟರ್ ಓದಿ. ಸಾಮಾನ್ಯವಾಗಿ ಕಪ್ಪು ಅಂಕಿ ಸಾವಿರ ಲೀಟರ್‌ಗಳ ಲೆಕ್ಕ, ಕೆಂಪು ಅಂಕಿ ಲೀಟರ್‌ಗಳದ್ದು. 'ಮಂಗಳವಾರ ಬೆಳಿಗ್ಗೆ ಎರಡು ಗಂಟೆ ನೀರು ಬಿಟ್ಟರು, ಬಂದದ್ದು 180 ಲೀಟರ್' ಎಂಬಂತೆ ಹೇಳಿದರೆ ಎಂಜಿನಿಯರ್‌ಗೆ ಹುಡುಕಲು ಒಂದು ದಾರಿ ಸಿಗುತ್ತದೆ.

ಬಿಲ್ ಇದ್ದಕ್ಕಿದ್ದಂತೆ ಜಾಸ್ತಿ ಬಂದಿದ್ದರೂ ಮೊದಲು ಮೀಟರ್ ಹತ್ತಿರವೇ ಹೋಗಿ. ನೀರು ಬರುವ ಹೊತ್ತಿನಲ್ಲಿ ಸಂಪಿಗೆ ಬೀಳುವ ವಾಲ್ವ್ ಮತ್ತು ನೇರ ಲೈನಿನ ನಲ್ಲಿಗಳನ್ನೆಲ್ಲ ಮುಚ್ಚಿ, ಮೀಟರ್ ಮುಖದಲ್ಲಿರುವ ಪುಟ್ಟ ಚಕ್ರ ನೋಡಿ. ಅದು ತಿರುಗುತ್ತಲೇ ಇದ್ದರೆ ಮೀಟರ್‌ಗೂ ಸಂಪಿಗೂ ನಡುವೆ ಎಲ್ಲೋ ಸೋರುತ್ತಿದೆ. ಇನ್ನು ನೀರು ವಾಸನೆ ಬಂದರೆ ಕುಡಿಯುವುದು ನಿಲ್ಲಿಸಿ, ಒಂದು ಬಾಟಲಿಯಲ್ಲಿ ಹಿಡಿದಿಟ್ಟು ದಿನ, ಸಮಯ ಬರೆಯಿರಿ, ಅಕ್ಕಪಕ್ಕದ ಎಷ್ಟು ಮನೆಗಳಲ್ಲಿ ಹೀಗಾಗಿದೆ ಎಂದು ಕೇಳಿ ದೂರಿನಲ್ಲಿ ಸೇರಿಸಿ. ಒಳಚರಂಡಿ ನೀರು ಎಲ್ಲಿ ಸೇರುತ್ತಿದೆ ಅನ್ನುವುದನ್ನು ಆ ಮನೆಗಳ ಸಾಲೇ ತೋರಿಸಿಕೊಡುತ್ತದೆ.

ದೂರು ಬಗೆಹರಿಯದೆಯೇ 'ಪರಿಹರಿಸಲಾಗಿದೆ' ಎಂದು ಮೆಸೇಜ್ ಬಂದರೆ? ಬಿಡಬೇಡಿ. ಹಳೇ ಡಾಕೆಟ್ ನಂಬರ್ ಹೇಳಿ ಮತ್ತೆ ದಾಖಲಿಸಿ. ಆಮೇಲೆ ಸಬ್‌ಡಿವಿಷನ್‌ನ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಒಂದು ಪುಟದ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಬೆಸ್ಕಾಂನಲ್ಲಿ ಮೂರನೇ ಶನಿವಾರ ನಡೆಯುವ ಗ್ರಾಹಕ ಸಂವಾದ ಸಭೆಗೆ ನಾಲ್ಕೈದು ಮನೆಯವರು ಒಟ್ಟಿಗೆ ಹೋಗಿ, ಒಬ್ಬರೇ ಮಾತಾಡಿ. ಕೂಗಾಡಿದರೆ ಎದುರಿಗೆ ಕೂತವರು ತಮ್ಮನ್ನು ಸಮರ್ಥಿಸಿಕೊಳ್ಳುವುದರಲ್ಲೇ ಸಭೆ ಮುಗಿಯುತ್ತದೆ, ದಿನಾಂಕಗಳ ಪಟ್ಟಿ ಮುಂದಿಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಅಲ್ಲೂ ಆಗದಿದ್ದರೆ 2003ರ ವಿದ್ಯುತ್ ಕಾಯ್ದೆಯಡಿ ಇರುವ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಇದೆ, ಅದರ ಮೇಲೆ ಮೇಲ್ಮನವಿ ಕೇಳುವ ಓಂಬುಡ್ಸ್‌ಮನ್.

ನೀರಿಗೆ ವಿದ್ಯುತ್ತಿಗೆ ಇರುವಂಥ ಸ್ವತಂತ್ರ ನಿಯಂತ್ರಣ ಆಯೋಗ ಇಲ್ಲ, ಇರಬೇಕಿತ್ತು ಅನ್ನುವುದು ನನ್ನ ಬಲವಾದ ಅನಿಸಿಕೆ. ಜಲಮಂಡಳಿ ನಡೆಸುವ ಅದಾಲತ್‌ಗಳೇ ಸದ್ಯಕ್ಕೆ ಹತ್ತಿರದ ದಾರಿ.

ಇನ್ನೊಂದು ಜಾಗವಿದೆ, ಅಲ್ಲಿಗೆ ಹೋಗುವವರು ತೀರಾ ಕಡಿಮೆ. ವಿದ್ಯುತ್ ದರ ಪರಿಷ್ಕರಣೆಗೆ ಕಂಪನಿಗಳು ಅರ್ಜಿ ಹಾಕಿದಾಗ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಕೊಟ್ಟಿರುವ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ನಿಮ್ಮ ಬೀದಿಯ ಡಾಕೆಟ್ ನಂಬರ್‌ಗಳ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ.