ನೂರು ಕುರ್ಚಿಯ ಕಚೇರಿ: ಸಣ್ಣ ಸಭಾಂಗಣದಲ್ಲಿ ಸಂಗೀತ ಏರ್ಪಡಿಸುವುದು ಹೇಗೆ?

ಮೈಸೂರು, ಮಂಡ್ಯದಲ್ಲಿ ವರ್ಷವಿಡೀ ನಡೆಯುವ ಕಚೇರಿಗಳಲ್ಲಿ ದೊಡ್ಡ ಪಾಲು ಬಡಾವಣೆಯ ಸಂಘ, ಸಂಗೀತ ಶಾಲೆ, ರಾಮಮಂದಿರದ ಸಮಿತಿಗಳದು. ಇಂಥ ಕಡೆ ಕಾರ್ಯಕ್ರಮ ಕೆಟ್ಟರೆ ಅದು ಕಲಾವಿದರಿಂದ ಕೆಟ್ಟದ್ದು ಅಪರೂಪ. ಕೇಳಬೇಕಾದ್ದನ್ನು ಮೊದಲೇ ಕೇಳಿರುವುದಿಲ್ಲ, ಬೇಡದ ಪೆಟ್ಟಿಗೆಗಳನ್ನೆಲ್ಲ ತಂದು ವೇದಿಕೆಯಲ್ಲಿ ಇಟ್ಟಿರುತ್ತಾರೆ, ಕೆಡುವುದು ಅಲ್ಲಿ. ಕೆಳಗಿನ ಲೆಕ್ಕವೆಲ್ಲ ನೂರರಿಂದ ನೂರೈವತ್ತು ಕೇಳುಗರು, ಹಾಡುಗಾರಿಕೆ, ಪಿಟೀಲು, ಮೃದಂಗ, ಘಟ, ಎರಡೂವರೆ ಗಂಟೆಯ ಕಚೇರಿ ಎಂದು ಇಟ್ಟುಕೊಂಡು ಹಾಕಿದ್ದು.

ಮೊದಲು ತಾರೀಖು, ಆಮೇಲೆ ಸಭಾಂಗಣ

ಹೆಚ್ಚಿನವರು ಸಭಾಂಗಣ ಖಾಲಿ ಇರುವ ದಿನ ನೋಡಿ ಕಲಾವಿದರಿಗೆ ಫೋನು ಮಾಡುತ್ತಾರೆ. ಅದು ತಿರುಗುಮುರುಗು. ರಾಮನವಮಿಯ ಆಸುಪಾಸಿನಲ್ಲಿ, ಗಣೇಶನ ಹಬ್ಬದ ಮುಂದಿನ ವಾರಗಳಲ್ಲಿ, ದಸರೆಯ ಹತ್ತು ದಿನದಲ್ಲಿ ಗಾಯಕರು ಸಿಕ್ಕರೂ ಒಳ್ಳೆಯ ಪಕ್ಕವಾದ್ಯದವರು ಸಿಗುವುದಿಲ್ಲ. ಡಿಸೆಂಬರಿನಲ್ಲಿ ಬಹಳ ಮಂದಿ ಚೆನ್ನೈನ ಸಭೆಗಳಿಗೆ ಹೋಗಿರುತ್ತಾರೆ. ಮಾರ್ಚ್ ಪರೀಕ್ಷೆಯ ತಿಂಗಳು. ಮಕ್ಕಳಿರುವ ಮನೆಯವರು ಬರುವುದಿಲ್ಲ. ಮದುವೆ ಮುಹೂರ್ತಗಳಿರುವ ದಿನ ಮೈಕ್‌ಸೆಟ್‌ನವರು ಒಪ್ಪಿಕೊಂಡು ಕೊನೇ ಗಳಿಗೆಯಲ್ಲಿ ಹುಡುಗರನ್ನಷ್ಟೇ ಕಳಿಸುತ್ತಾರೆ. ಹಣ ಕಡಿಮೆ ಇರುವ ಸಂಘಗಳಿಗೆ ಆಷಾಢದಂಥ ಮಾಸ ಇನ್ನೊಂದಿಲ್ಲ. ಮದುವೆಗಳಿಲ್ಲ, ಛತ್ರ ಖಾಲಿ, ಮೈಕ್‌ಸೆಟ್ ಬಾಡಿಗೆಯಲ್ಲಿ ಚೌಕಾಸಿಗೂ ಜಾಗವಿದೆ. ಮೈಸೂರಿನಲ್ಲಾದರೆ ಆಷಾಢ ಶುಕ್ರವಾರ ಮಾತ್ರ ಬಿಡಿ. ಊರೆಲ್ಲ ಬೆಟ್ಟದ ಕಡೆ ಮುಖ ಮಾಡಿರುತ್ತದೆ.

ಸಭಾಂಗಣ ಆರಿಸುವಾಗ ಬರುವರೆಂದುಕೊಂಡ ಜನರ ಸಂಖ್ಯೆಗಿಂತ ಸ್ವಲ್ಪ ಚಿಕ್ಕದೇ ಇರಲಿ. ಮೈಸೂರಿನಲ್ಲಿ ಕುವೆಂಪುನಗರದ ಗಾನಭಾರತಿಯ ವೀಣೆ ಶೇಷಣ್ಣ ಭವನ, ಕಲಾಮಂದಿರದ ಆವರಣದ ಕಿರುರಂಗಮಂದಿರ, ಮಂಡ್ಯದಲ್ಲಿ ಕರ್ನಾಟಕ ಸಂಘದ ರಂಗಮಂದಿರ ಇಂಥ ಕಾರ್ಯಕ್ರಮಗಳಿಗೆ ಪರಿಚಿತ ಜಾಗಗಳು. ಮುಖ್ಯ ಕಲಾಮಂದಿರದಲ್ಲಿ ನೂರು ಜನ ಕೂತರೆ ಯಾರೂ ಬಂದೇ ಇಲ್ಲವೆನಿಸುತ್ತದೆ.

ಮುಂಗಡ ಕೊಡುವ ಮೊದಲು ಖಾಲಿ ಸಭಾಂಗಣದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ತಕ್ಷಣ ಅಡಗಿದರೆ ಸರಿ. ‘ಟರ್ರ್’ ಎಂದು ನಡುಗುತ್ತ ಉಳಿದರೆ ಎದುರುಬದುರಿನ ಬರಿಗೋಡೆಗಳ ನಡುವೆ ಸದ್ದು ಚೆಂಡಿನಂತೆ ಓಡಾಡುತ್ತಿದೆ ಎಂದರ್ಥ. ಗ್ರಾನೈಟ್ ನೆಲದ ಹೊಸ ಸಮುದಾಯ ಭವನಗಳಲ್ಲಿ ಇದು ಸಾಮಾನ್ಯ. ಮೃದಂಗದ ಫರಾನು (ವೇಗವಾಗಿ ಸುರಿಯುವ ಪೆಟ್ಟುಗಳು) ಅಲ್ಲಿ ಬರೀ ಗದ್ದಲವಾಗಿ ಕೇಳುತ್ತದೆ. ಒಂದು ಬದಿಯ ಗೋಡೆಗೆ ಶಾಮಿಯಾನದವರಿಂದ ದಪ್ಪ ಪರದೆ ಕಟ್ಟಿಸಿ, ನೆಲಕ್ಕೆ ಜಮಖಾನ ಹಾಸಿದರೆ ಅರ್ಧ ಕಾಟ ತಪ್ಪುತ್ತದೆ. ಸಂಜೆ ಆರು ಗಂಟೆಗೆ ಇನ್ನೊಮ್ಮೆ ಹೋಗಿ ಹೊರಗಿನ ಸದ್ದೂ ಕೇಳಿ. ಪಕ್ಕದ ದೇವಸ್ಥಾನದ ಮಂಗಳಾರತಿ ಗಂಟೆ, ಮಂಡ್ಯದ ಕಡೆಯಾದರೆ ಹಾಡು ಹಚ್ಚಿಕೊಂಡು ಸಾಗುವ ಕಬ್ಬಿನ ಟ್ರ್ಯಾಕ್ಟರು ಬೆಳಗ್ಗೆ ಹತ್ತು ಗಂಟೆಗೆ ಗೊತ್ತಾಗುವಂಥವಲ್ಲ.

ಕಲಾವಿದರನ್ನು ಕೇಳಬೇಕಾದ್ದು

ಶ್ರುತಿ ಎಷ್ಟು ಎಂಬುದು ಮೊದಲ ಪ್ರಶ್ನೆ. ಗಾಯಕರು ಸಾಮಾನ್ಯವಾಗಿ ಒಂದರಿಂದ ಎರಡು ಮನೆ (ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಷಡ್ಜದ ಎತ್ತರ), ಗಾಯಕಿಯರು ಐದರಿಂದ ಆರರ ಒಳಗೆ ಹಾಡುತ್ತಾರೆ. ಒಂದೇ ಮೃದಂಗವನ್ನು ಈ ಎರಡಕ್ಕೂ ಎಳೆಯಲು ಆಗುವುದಿಲ್ಲ. ಗಾಯಕಿಗೆ ಐದೂವರೆ ಎಂದು ಮೃದಂಗದವರಿಗೆ ಹಿಂದಿನ ದಿನವೇ ಗೊತ್ತಾದರೆ ಅವರು ಅದಕ್ಕೆ ತಕ್ಕ ವಾದ್ಯ ತರುತ್ತಾರೆ. ಗೊತ್ತಾಗದಿದ್ದರೆ ವೇದಿಕೆಯ ಮೇಲೆ ಮುಕ್ಕಾಲು ಗಂಟೆ ಕಲ್ಲು, ಗೂಟ ಹಿಡಿದು ತಟ್ಟುತ್ತಿರುತ್ತಾರೆ. ಘಟವಂತೂ ಸುಟ್ಟ ಮಣ್ಣು, ಅದರ ಶ್ರುತಿಯನ್ನು ಹೆಚ್ಚು ಬದಲಾಯಿಸುವಂತಿಲ್ಲ; ಸರಿಯಾದ ಘಟವನ್ನೇ ತರಬೇಕು.

ಎರಡನೆಯದು, ಮೃದಂಗದವರು ಬಲಗೈಯವರೋ ಎಡಗೈಯವರೋ. ಕರಣೆ (ಕಪ್ಪು ಬೊಟ್ಟು) ಇರುವ ಬಲಮುಖ ಕೇಳುಗರ ಕಡೆಗಿರಬೇಕು. ಅದಕ್ಕೇ ಬಲಗೈಯವರು ಗಾಯಕರ ಬಲಕ್ಕೆ, ಪಿಟೀಲು ಎಡಕ್ಕೆ. ಎಡಗೈಯವರಾದರೆ ಇಬ್ಬರ ಜಾಗವೂ ಅದಲುಬದಲು. ಮೈಕು, ವೈರು ಎಲ್ಲ ಕಟ್ಟಿದ ಮೇಲೆ ಇದು ಗೊತ್ತಾದರೆ ಬಿಚ್ಚಿ ಕಟ್ಟುವುದೇ ಕೆಲಸ. ವೇದಿಕೆಯಲ್ಲಿ ಒಟ್ಟು ಎಷ್ಟು ಜನ, ತಂಬೂರಿ ಹಿಡಿಯುವ ಶಿಷ್ಯರು ಬರುತ್ತಾರೋ ಇಲ್ಲವೋ, ಪಿಟೀಲಿಗೆ ಅವರದೇ ಕಾಂಟ್ಯಾಕ್ಟ್ ಮೈಕ್ (ವಾದ್ಯಕ್ಕೇ ಅಂಟಿಸುವ ಮೈಕ್) ಇದೆಯೋ, ಬೆಂಗಳೂರಿನಿಂದ ಬರುವವರಾದರೆ ರಾತ್ರಿ ವಾಪಸು ಹೋಗುತ್ತಾರೋ ಉಳಿಯುತ್ತಾರೋ, ಇವನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ. ಸಂಭಾವನೆಯನ್ನು ಮುಖ್ಯ ಕಲಾವಿದರ ಕೈಗೆ ಒಟ್ಟಿಗೆ ಕೊಡುವುದೋ, ಪಕ್ಕವಾದ್ಯದವರಿಗೆ ಬೇರೆ ಬೇರೆ ಕೊಡುವುದೋ ಎಂಬುದನ್ನು ಬಾಯಿಬಿಟ್ಟೇ ಮಾತಾಡಿ. ಇದರಲ್ಲಿ ಸಂಕೋಚ ಪಟ್ಟವರು ಆಮೇಲೆ ಇಬ್ಬರ ಕಣ್ಣಲ್ಲೂ ಕೆಟ್ಟವರಾಗುತ್ತಾರೆ.

ಅನುಮತಿ, ಹಕ್ಕು

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು. ಬೀದಿ, ಉದ್ಯಾನ, ದೇವಸ್ಥಾನದ ಅಂಗಳವಾದರೆ ಒಂದು ವಾರ ಮೊದಲೇ ಠಾಣೆಯಲ್ಲಿ ಅರ್ಜಿ ಕೊಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದೊಳಕ್ಕೆ ವಿನಾಯಿತಿ ಇದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಿದೆಯೇ ಎಂದು ಕೇಳಿಕೊಳ್ಳಿ.

ಹಾಡುಗಳ ಹಕ್ಕಿನ ವಿಷಯ ಸಂಘಗಳಿಗೆ ತಲೆಗೇ ಬರುವುದಿಲ್ಲ. ಕೃತಿಕಾರರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತ್ಯಾಗರಾಜರ (1767–1847) ಕೃತಿಗೆ ಯಾರನ್ನೂ ಕೇಳಬೇಕಿಲ್ಲ. 1961ರಲ್ಲಿ ತೀರಿಕೊಂಡ ಮೈಸೂರು ವಾಸುದೇವಾಚಾರ್ಯರ ರಚನೆಗಳ ಅವಧಿ 2021ರ ಕೊನೆಗೆ ಮುಗಿಯಿತು. ಆದರೆ ಜಯಚಾಮರಾಜ ಒಡೆಯರ್ 1974ರವರೆಗೆ ಇದ್ದವರು. ಅವರ 94 ಕೃತಿಗಳಿಗೆ 2034ರವರೆಗೂ ಅವಧಿ ಇದೆ. ಭಾವಗೀತೆ ಇಟ್ಟುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಕುವೆಂಪು 1994ರಲ್ಲಿ, ಮೇಲುಕೋಟೆಯ ಪು.ತಿ.ನ. 1998ರಲ್ಲಿ, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ 2003ರಲ್ಲಿ ತೀರಿಕೊಂಡರು. ಮೂವರದೂ ಹಕ್ಕು ಜೀವಂತ. ಕವಿತೆಯ ಹಕ್ಕು ಬೇರೆ, ಅದಕ್ಕೆ ಹಾಕಿದ ಧಾಟಿಯ ಹಕ್ಕು ಬೇರೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಹಾಡಿಸಿದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟಿದ್ದರೆ, ವೃತ್ತಿ ಕಲಾವಿದರಾಗಿದ್ದರೆ, ಹಾಡುಗಳ ಪಟ್ಟಿ ತಯಾರಿಸಿ ಹಾಡು ಬರೆದವರ, ಧಾಟಿ ಹಾಕಿದವರ ಪರವಾಗಿ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ವಿಚಾರಿಸಿ. ಆ ಸಂಸ್ಥೆ ತನ್ನ ಸದಸ್ಯರ ಕೃತಿಗಳಿಗಷ್ಟೇ ಪರವಾನಗಿ ಕೊಡಬಲ್ಲದು. ಉಳಿದವಕ್ಕೆ ಹಕ್ಕುದಾರರನ್ನೇ ಕೇಳಬೇಕು.

ಸದ್ದು: ಕಡಿಮೆ ತನ್ನಿ, ಬೇಗ ತನ್ನಿ

ಗಾಯಕ ಬಿಡಾರಂ ಕೃಷ್ಣಪ್ಪನವರು (1866–1931) ತಮ್ಮ ಗಳಿಕೆಯಲ್ಲಿ ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದಾಗ ಮೈಕ್‌ಸೆಟ್ ಎಂಬುದೇ ಇರಲಿಲ್ಲ. ಕಚೇರಿ ಕೇಳುವ ಕಿವಿ ಬದಲಾಗಿದೆ, ನಿಜ. ಆದರೂ ಅರವತ್ತು ಜನದವರೆಗಿನ ಕಚೇರಿಗೆ ಗಾಯಕರ ಮುಂದೆ ಒಂದು, ಪಿಟೀಲಿಗೊಂದು ಮೈಕ್ ಸಾಕು. ನೂರೈವತ್ತಕ್ಕೆ 12 ಇಂಚಿನ ಎರಡು ಪವರ್ಡ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವಂಥವು), ಎಂಟು ಚಾನೆಲ್‌ನ ಮಿಕ್ಸರ್, ವೇದಿಕೆಯ ಮೇಲೆ ಎರಡು ಮಾನಿಟರ್ (ಕಲಾವಿದರ ಕಡೆ ತಿರುಗಿಸಿದ ಸ್ಪೀಕರ್), ಐದು ಮೈಕ್. ಆರ್ಕೆಸ್ಟ್ರಾಗೆ ತರುವ ಬೇಸ್ ಪೆಟ್ಟಿಗೆಗಳು ಗೋಡೌನಿನಲ್ಲೇ ಇರಲಿ. ತೆರೆದ ಮೈಕುಗಳು ಎರಡರಷ್ಟಾದಂತೆಲ್ಲ, ‘ಕುಯ್’ ಎನ್ನುವ ಮುಂಚೆ ಏರಿಸಬಹುದಾದ ಸದ್ದು ಸುಮಾರು 3 ಡೆಸಿಬಲ್ ಇಳಿಯುತ್ತದೆ. ಸುಮ್ಮನೆ ಇಟ್ಟ ಮೈಕಿಗೂ ಅಷ್ಟು ಬೆಲೆ ತೆರಬೇಕು.

ವೇದಿಕೆ 12 ಅಡಿ ಅಗಲ, 10 ಅಡಿ ಆಳ, ಒಂದೂವರೆಯಿಂದ ಎರಡು ಅಡಿ ಎತ್ತರ ಇದ್ದರೆ ನಾಲ್ವರಿಗೆ ಧಾರಾಳ. ಹಲಗೆಯ ವೇದಿಕೆ ಒಳಗೆ ಟೊಳ್ಳು. ಮೃದಂಗದ ಎಡಮುಖದ ಗುಂ ಅದರೊಳಗೆ ಸೇರಿ ದೊಡ್ಡದಾಗಿ ಮೈಕಿಗೆ ವಾಪಸು ಬರುತ್ತದೆ. ಮೃದಂಗದವರ ಕೆಳಗೆ, ಮೈಕ್ ಸ್ಟ್ಯಾಂಡಿನ ಕೆಳಗೆ ಮಡಿಸಿದ ಕಂಬಳಿ ಹಾಕಿ. ಮುಖ್ಯ ಸ್ಪೀಕರುಗಳು ಮೈಕುಗಳ ಸಾಲಿಗಿಂತ ಎರಡು ಮೂರು ಅಡಿ ಮುಂದೆ, ಕೂತವರ ತಲೆಗಿಂತ ಮೇಲೆ ಇರಲಿ. ಗಾಯಕರ ಮಾನಿಟರು ಮೈಕಿನ ಬೆನ್ನಿಗೆ ನೇರವಾಗಿರಬೇಕು. ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನ ಸದ್ದು ಕೇಳಿಸುವುದು ಅತಿ ಕಡಿಮೆ. ಪಕ್ಕಕ್ಕೆ ಸರಿಸಿಟ್ಟ ಮಾನಿಟರೇ ಎಷ್ಟೋ ಸಲ ಕೂಗಿಗೆ ಕಾರಣ.

ಗಾಯಕರ ಬಾಯಿಗೂ ಮೈಕಿಗೂ ನಾಲ್ಕರಿಂದ ಆರು ಇಂಚು. ಪಿಟೀಲಿಗೆ ಗಿಡ್ಡ ಸ್ಟ್ಯಾಂಡಿನಲ್ಲಿ ಒಂದು ಅಡಿ ಮೇಲಿನಿಂದ. ಕಮಾನಿಗೆ ತಗಲದಂತೆ ನೋಡಿ. ಕಂಡೆನ್ಸರ್ ಮೈಕಾದರೆ ಮಿಕ್ಸರಿನಲ್ಲಿ 48 ವೋಲ್ಟಿನ ಫ್ಯಾಂಟಮ್ ಪವರ್ (ಮೈಕಿನ ವೈರಿನಲ್ಲೇ ಹೋಗುವ ಕರೆಂಟ್) ಬೇಕು. ಅದನ್ನು ಹಾಕುವಾಗ ತೆಗೆಯುವಾಗ ಫೇಡರು (ಸದ್ದು ಏರಿಸಿ ಇಳಿಸುವ ಗುಂಡಿ) ಕೆಳಗಿರಲಿ, ಇಲ್ಲದಿದ್ದರೆ ‘ಢಬ್’ ಎಂದು ಸ್ಪೀಕರಿಗೆ ಗುದ್ದು ಬೀಳುತ್ತದೆ. ಮೃದಂಗದ ಎರಡೂ ಮುಖಕ್ಕೆ ಒಂದೊಂದು ಡೈನಾಮಿಕ್ ಮೈಕು ಆರು ಇಂಚು ದೂರದಲ್ಲಿ. ಘಟಕ್ಕೆ ಒಂದು, ತಗ್ಗಿನಲ್ಲಿ. ಕೊಳಲಿನ ಕಚೇರಿಯಾದರೆ ಊದುವ ರಂಧ್ರದ ನೇರಕ್ಕೆ ಮೈಕ್ ಇಡಬೇಡಿ, ಬರೀ ಗಾಳಿ ಕೇಳುತ್ತದೆ. ಸ್ವಲ್ಪ ಮೇಲಿನಿಂದ, ಬೆರಳುಗಳ ಕಡೆಗೆ ತಿರುಗಿಸಿಡಿ.

ಮಿಕ್ಸರಿನಲ್ಲಿ ಕೂರುವ ಹುಡುಗನಿಗೆ ಹೇಳಬೇಕಾದ್ದು ಮೂರೇ ಮಾತು. ಎಕೋ ಪೂರ್ತಿ ತೆಗಿ. ಗಾಯನದ ಮೈಕಿನ ಲೋ-ಕಟ್ (ತಗ್ಗಿನ ಸದ್ದನ್ನು ಕತ್ತರಿಸುವ ಗುಂಡಿ) 80 ಹರ್ಟ್ಸಿಗಿಂತ ಮೇಲಕ್ಕೆ ಏರಿಸಬೇಡ. ಒಂದು ಮನೆ ಶ್ರುತಿಯ ಗಾಯಕರ ಮಂದ್ರ ಪಂಚಮ 98 ಹರ್ಟ್ಸ್, 120ಕ್ಕೆ ಕತ್ತರಿಸಿದರೆ ಆಲಾಪನೆಯ ಬುಡವೇ ಹೋಗುತ್ತದೆ. ಮೂರನೆಯದು, ಮೊದಲು ಮೃದಂಗವನ್ನು ಮೈಕೇ ಇಲ್ಲದೆ ನುಡಿಸಿಸಿ ಕೊನೆಯ ಸಾಲಿನಲ್ಲಿ ನಿಂತು ಕೇಳು. ಸಣ್ಣ ಸಭಾಂಗಣದಲ್ಲಿ ಅತಿ ಗಟ್ಟಿ ವಾದ್ಯ ಅದೇ. ಅದರ ಸಹಜ ಎತ್ತರವೇ ಅಳತೆಗೋಲು. ಗಾಯನವನ್ನು ಅದಕ್ಕಿಂತ ಒಂದು ಗೆರೆ ಮೇಲಕ್ಕೆ ತಂದು, ಪಿಟೀಲನ್ನು ಗಾಯನದ ಬೆನ್ನಿಗೆ ಹೊಂದಿಸಿ, ಬೇಕೆನಿಸಿದರೆ ಮಾತ್ರ ಮೃದಂಗದ ಮೈಕ್ ತೆರೆಯಲಿ. ಎಲ್ಲವನ್ನೂ ಒಟ್ಟಿಗೆ ಏರಿಸುತ್ತ ಹೋದರೆ ಪಲ್ಲವಿ ಹೊತ್ತಿಗೆ ಮುಂದಿನ ಸಾಲಿನ ಹಿರಿಯರು ಹಿಂದಕ್ಕೆ ಎದ್ದು ಹೋಗುತ್ತಾರೆ. ಜನ ತುಂಬಿದ ಮೇಲೆ ಬಟ್ಟೆ, ಮೈಗಳು ಮೇಲುಸ್ವರಗಳ ಹೊಳಪನ್ನು ಹೀರುವುದರಿಂದ ಖಾಲಿ ಸಭಾಂಗಣದ ಹದ ಕೊಂಚ ಮಂಕಾಗುತ್ತದೆ. ಕಚೇರಿ ಶುರುಮಾಡುವ ವರ್ಣದಲ್ಲೇ ಸರಿಪಡಿಸಿಕೊಳ್ಳಬೇಕು.

ಮಿಕ್ಸರು, ಸ್ಪೀಕರು, ಶ್ರುತಿಪೆಟ್ಟಿಗೆಗಳಿಗೆಲ್ಲ ಒಂದೇ ಬೋರ್ಡಿನಿಂದ ಕರೆಂಟ್ ಎಳೆಯಿರಿ. ಒಂದೊಂದು ಒಂದೊಂದು ಮೂಲೆಯ ಪ್ಲಗ್ಗಿನಲ್ಲಿದ್ದರೆ ಅರ್ಥ್ ವ್ಯತ್ಯಾಸದಿಂದ ‘ಝುಂ’ ಎಂಬ ಸದ್ದು ಬರುತ್ತದೆ. ಅದನ್ನು ನಿಲ್ಲಿಸಲು ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವರಿಗಿದೆ. ಅಂಥವರಿಗೆ ಮೈಕ್ ಮುಟ್ಟಲು ಬಿಡಬೇಡಿ, ಲೋಹದ ಮೈಕ್ ಗಾಯಕರ ತುಟಿಯ ಹತ್ತಿರ ಇರುತ್ತದೆ. ಕರೆಂಟ್ ಹೋಗಿ ಜನರೇಟರಿಗೆ ಬದಲಾಗುವ ಕೆಲವು ಸೆಕೆಂಡಿನಲ್ಲಿ ಡಿಜಿಟಲ್ ಮಿಕ್ಸರ್ ಆರಿದರೆ ಮತ್ತೆ ಏಳಲು ಹೊತ್ತು ಹಿಡಿಯುತ್ತದೆ. ಮಿಕ್ಸರಿಗೆ ಮಾತ್ರ ಕಂಪ್ಯೂಟರಿಗೆ ಬಳಸುವ ಸಣ್ಣ ಯುಪಿಎಸ್ ಕೊಡಿ. ಫೋನಿನಲ್ಲಿ ತಂಬೂರಿ ಹಾಕುವವರಾದರೆ ಆ ಫೋನು ಏರೋಪ್ಲೇನ್ ಮೋಡ್‌ನಲ್ಲಿರಬೇಕು; ಒಂದು ಕರೆ ಬಂದರೆ ಶ್ರುತಿ ನಿಂತುಹೋಗುತ್ತದೆ.

ಆ ದಿನ

ಐದೂಮುಕ್ಕಾಲಿಗೆ ಕಚೇರಿ ಎಂದರೆ ಎರಡು ಗಂಟೆಗೆ ಮೈಕ್‌ಸೆಟ್, ನಾಲ್ಕಕ್ಕೆ ಎಲ್ಲ ಚಾನೆಲ್ ಪರೀಕ್ಷೆ, ನಾಲ್ಕೂವರೆಗೆ ಕಲಾವಿದರು. ಎಸಿ ಇದ್ದರೆ ನಾಲ್ಕಕ್ಕೇ ಹಾಕಿ, ಕೊನೆಯವರೆಗೂ ಅದೇ ಹದದಲ್ಲಿ ಬಿಡಿ. ಒಣಹವೆಗೆ ಚರ್ಮ ಬಿಗಿಯುತ್ತದೆ, ತೇವಕ್ಕೆ ಸಡಿಲುತ್ತದೆ. ನಡುವೆ ಹಾಕಿ ತೆಗೆದು ಮಾಡಿದರೆ ಮೃದಂಗದವರು ಪ್ರತಿ ಕೃತಿಗೂ ತಟ್ಟುತ್ತಲೇ ಇರಬೇಕಾಗುತ್ತದೆ. ವೀಣೆಯಾದರೆ ವೇದಿಕೆಯ ಬಿಸಿ ದೀಪಗಳನ್ನು ದೂರವಿಡಿ, ಅದರ ಮೆಟ್ಟಿಲುಗಳು (ತಂತಿಯ ಕೆಳಗಿನ ಲೋಹದ ಪಟ್ಟಿಗಳು) ಕೂತಿರುವುದು ಮೇಣದ ಮೇಲೆ. ಒಂದು ಬಟ್ಟಲು ನೀರು, ಎಡಮುಖಕ್ಕೆ ಹಚ್ಚಲು ಎರಡು ಚಮಚ ಸಣ್ಣ ರವೆ, ಒರೆಸುವ ಬಟ್ಟೆ, ಫ್ಲಾಸ್ಕಿನಲ್ಲಿ ಬಿಸಿನೀರು ವೇದಿಕೆಯ ಪಕ್ಕ ಇರಲಿ. ರವೆಯನ್ನು ಮೃದಂಗದವರು ತಂದೇ ತರುತ್ತಾರೆ, ಮರೆತ ದಿನಕ್ಕೆ ಇದು.

ಸನ್ಮಾನ ಮೊದಲೇ ಮುಗಿಯಲಿ, ಹತ್ತು ನಿಮಿಷದಲ್ಲಿ. ಪ್ರಧಾನ ಕೃತಿಯ ತನಿ (ಮೃದಂಗ, ಘಟ ಮಾತ್ರ ನುಡಿಯುವ ಭಾಗ) ಮುಗಿದ ಕೂಡಲೇ ಹಾರ, ಶಾಲು, ಪೇಟ ಹಿಡಿದು ನಾಲ್ಕು ಜನ ವೇದಿಕೆ ಹತ್ತುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ಕಲಾವಿದರ ಮನೋಧರ್ಮ ಏರಿರುವ ಗಳಿಗೆ ಅದು. ಮಾತು ಮುಗಿದು ಮತ್ತೆ ಶ್ರುತಿ ಹಿಡಿಯುವಷ್ಟರಲ್ಲಿ ಸಭೆಯ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಅಧ್ಯಕ್ಷರ ಭಾಷಣ ಬೇಕೇ ಬೇಕೆಂದರೆ ಅದನ್ನು ಆಹ್ವಾನಪತ್ರಿಕೆಯಲ್ಲಿ ಅಚ್ಚುಹಾಕಿಸಿ.

ಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ ಅಂಕಣಕ್ಕೆ ಎರಡು ದಿನ ಮೊದಲೇ ಐದು ಸಾಲು ಕಳಿಸಿ: ಕಲಾವಿದರೆಲ್ಲರ ಹೆಸರು ವಾದ್ಯದ ಸಮೇತ, ಸಭಾಂಗಣ, ಹತ್ತಿರದ ಗುರುತು, ಶುರುವಾಗುವ ಮತ್ತು ಮುಗಿಯುವ ಹೊತ್ತು, ಪ್ರವೇಶ ಉಚಿತವೋ ಅಲ್ಲವೋ. ಮುಗಿಯುವ ಹೊತ್ತು ಬರೆಯುವವರು ಕಡಿಮೆ. ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೋ ಪಾಂಡವಪುರಕ್ಕೋ ಬಸ್ಸು ಹಿಡಿದು ವಾಪಸಾಗಬೇಕಾದವರು ಬರುವುದೋ ಬೇಡವೋ ಎಂದು ತೀರ್ಮಾನಿಸುವುದು ಅದೊಂದನ್ನು ನೋಡಿ.

ಮಂಗಳವಾದ ಮೇಲೆ ಫಲತಾಂಬೂಲದ ಜೊತೆಗೇ ಸಂಭಾವನೆಯ ಲಕೋಟೆ, ಪ್ರಯಾಣದ ಖರ್ಚು ಬೇರೆಯಾಗಿ, ಮೇಲೆ ಹೆಸರು ಬರೆದು. ವಾದ್ಯಗಳು ಕಾರು ಸೇರುವವರೆಗೆ ಮೈಕ್‌ಸೆಟ್‌ನವರು ವೈರು ಸುತ್ತಲು ಶುರುಮಾಡುವುದು ಬೇಡ. ಅವಸರದಲ್ಲಿ ಎಳೆದ ವೈರಿಗೆ ಸಿಕ್ಕಿ ಘಟಗಳು ಒಡೆದದ್ದುಂಟು. ಜಮಖಾನ ಮಡಚುವ ಮುನ್ನ ಒಮ್ಮೆ ಕೈಯಾಡಿಸಿ ನೋಡಿ. ಪಿಟೀಲಿನವರು ಕಮಾನಿಗೆ ಹಚ್ಚುವ ರಾಳ, ಮೃದಂಗದವರ ಕಲ್ಲು, ಗೂಟ ಸಿಗುವುದು ಅಲ್ಲೇ.